ಮಕ್ಕಳ ಕಣ್ಣು, ಮಾಸ್ತರ ಕಾಲು

ಈಶಪ್ಪ ಮಾಸ್ತರರು ಮರೆಗುಳಿ ಎಂದು ಊರೆಲ್ಲ ಹೇಳುತ್ತಿತ್ತು. ಮಾಸ್ತರರು ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. ಅವರ ಪ್ರಕಾರ ತಪ್ಪು ಅವರದಲ್ಲ, ವಸ್ತುಗಳದು. ಕನ್ನಡಕ ಇಟ್ಟಲ್ಲಿ ಇರುವುದಿಲ್ಲ, ಕೊಡೆ ಹಿಡಿದ ಕೈಯಲ್ಲಿ ನಿಲ್ಲುವುದಿಲ್ಲ, ಶನಿವಾರ ಹೇಳದೇ ಕೇಳದೇ ಬಂದುಬಿಡುತ್ತದೆ. ಮುಂಜಾನೆ ಶಾಲೆಯಿರುವ ಶನಿವಾರದಂದು ಅವರು ನಿಧಾನಕ್ಕೆ ಊಟ ಮುಗಿಸಿ ಹೊರಟು, ಶಾಲೆ ಬಿಟ್ಟು ಮನೆಗೆ ಮರಳುತ್ತಿದ್ದ ತಮ್ಮದೇ ತರಗತಿಯ ಮಕ್ಕಳನ್ನು ದಾರಿಯಲ್ಲಿ ತಡೆದು, ಶಾಲೆ ತಪ್ಪಿಸಿ ಎಲ್ಲಿಗೆ ಹೊರಟಿರೆಂದು ಗದರಿದ್ದುಂಟು. ಹಳಿಯಾಳದಲ್ಲಿ ಗೆಳೆಯನ ಮಗಳ ಮದುವೆಗೆ ಹೋಗಿ, ಪಕ್ಕದ ಮಂಟಪದಲ್ಲಿ ಯಾರದೋ ಮದುವೆಯ ಹೋಳಿಗೆ ಉಂಡು, ಗುರುತಿಲ್ಲದ ಬೀಗರ ನಡುವೆ ನಿಂತು ಫೋಟೋ ತೆಗೆಸಿಕೊಂಡು, ಏರ್ಪಾಟು ಬಹಳ ಚೊಲೋ ಇತ್ತೆಂದು ಗೆಳೆಯನಿಗೇ ಫೋನ್ ಮಾಡಿ ಹೇಳಿದ್ದೂ ಉಂಟು.

ಇದನ್ನೆಲ್ಲ ಕೆಂಚನಕಟ್ಟಿಯ ಜನ ನಕ್ಕು ಸಹಿಸಿಕೊಂಡಿದ್ದರು. ಸನವಳ್ಳಿ ದಾಟಿ ಒಳದಾರಿ ಹಿಡಿದರೆ ಸಿಗುವ ಸಣ್ಣ ಊರು ಅದು; ನಗಲಿಕ್ಕೆ ಬೇರೆ ಅನುಕೂಲಗಳೂ ಕಡಿಮೆ. ಆದರೆ ಒಂದು ಸಂಜೆ ಮಾಸ್ತರರು ಶಾಲೆಯ ಕೋಣೆಗಳಿಗೆಲ್ಲ ಬಲು ಶಿಸ್ತಿನಿಂದ ಕೀಲಿ ಹಾಕಿ ಮನೆಗೆ ಬಂದು ಚಹಾಕ್ಕೆ ಕೂತರು. ಅತ್ತ ಶಾಲೆಯ ಅಡುಗೆ ಕೋಣೆಯೊಳಗೆ ಬಿಸಿಯೂಟದ ಗುರುಸಿದ್ದವ್ವ ಇನ್ನೂ ಕುಕ್ಕರ್ ತಿಕ್ಕುತ್ತಿದ್ದಳು. ಆಕೆ ಒಳಗಿನಿಂದ ತಾಟು ಬಡಿದ ಸದ್ದು ಕೇಳಿ ಹಾದಿಯಲ್ಲಿ ಹೋಗುತ್ತಿದ್ದವರು ಯಾವುದೋ ಮಂಗಳಾರತಿ ಎಂದುಕೊಂಡು ಕೈಮುಗಿದು ಮುಂದೆ ಸಾಗಿದರಂತೆ. ಬಿಡುಗಡೆಯಾದ ಗುರುಸಿದ್ದವ್ವ ನೆಟ್ಟಗೆ ಊರ ಹಿರಿಯರ ಮನೆಗೆ ಹೋದಳು. ದೂರು ಅಲ್ಲಿಂದ ತಾಲೂಕಿಗೆ ಹೋಯಿತು.

ಮರುದಿನವೇ ಸಿಆರ್‌ಪಿ ಶಿವಲಿಂಗಪ್ಪ ಬೈಕ್ ಏರಿ ಬಂದ. ಸುತ್ತಲಿನ ಶಾಲೆಗಳ ಮೇಲೆ ಕಣ್ಣಿಡುವುದು ಅವನ ನೌಕರಿ. ಮಾಸ್ತರರನ್ನು ಬೇವಿನ ಮರದ ಕೆಳಗೆ ಕರೆದು ಮೆಲ್ಲಗೆ ಹೇಳಿದ.

“ಮಾಸ್ತರ, ತಾಲೂಕಿಗೆ ಹೊಸ ಸಾಹೇಬ್ರು ಬಂದಾರ. ಹಿಂದಿನವ್ರಂಗ ನಗೂ ಮನಷ್ಯಾ ಅಲ್ಲ. ಇನ್ನೊಂದು ದೂರು ಬಂತಂದ್ರ ಮ್ಯಾಲೆ ಬರದು ನಿಮ್ಮನ್ನ ಜೋಯಿಡಾ ಕಡೆ ಕಳಸ್ತಾರ. ಕಾಡಿನ ನಡುವ ಶಾಲಿ. ಅಲ್ಲಿ ನೀವ ಮಾಸ್ತರ, ನೀವ ಅಡಗಿಯವ್ರು.”

ಜೋಯಿಡಾದ ಕಾಡಿಗೆ ಮಾಸ್ತರರು ಅಂಜುವವರಲ್ಲ. ಅಂಜಿಸಿದ್ದು ಮನೆಯಲ್ಲಿ ಹೆಂಡತಿ ಸುನಂದಾ ಆಡಿದ ಮಾತು. ಆಕೆ ಊರ ಹೆಣ್ಣುಮಕ್ಕಳನ್ನು ಕೂಡಿಸಿ ಖಡಕ್ ರೊಟ್ಟಿಯ ಸಂಘ ಕಟ್ಟಿದ್ದಳು. ಆ ರೊಟ್ಟಿ ಮುಂಡಗೋಡ ದಾಟಿ ಹುಬ್ಬಳ್ಳಿಯವರೆಗೆ ಹೋಗುತ್ತಿತ್ತು. ಸುದ್ದಿ ಕೇಳಿದ ಆಕೆ ಹಿಟ್ಟು ನಾದುವುದನ್ನು ನಿಲ್ಲಿಸದೆ, “ನೀವು ಹೋಗ್ರಿ. ನಾ ರೊಟ್ಟಿ ಬಿಟ್ಟು ಬರಂಗಿಲ್ಲ” ಅಂದಳು. ಸಾರಿಗೆ ಒಗ್ಗರಣೆ ಅಂತ ಚಹಾಪುಡಿ ಹಾಕಿದ ಚರಿತ್ರೆಯಿರುವ ಮನುಷ್ಯ, ಕಾಡಿನ ನಡುವೆ, ಸುನಂದಾ ಇಲ್ಲದೆ. ಮಾಸ್ತರರು ಅಂದೇ ಪ್ರತಿಜ್ಞೆ ಮಾಡಿದರು: ಇನ್ನು ಮೇಲೆ ಒಂದೂ ತಪ್ಪು ಮಾಡಬಾರದು. ಪ್ರತಿಜ್ಞೆ ಮಾಡುವಾಗ ಅವರ ಅಂಗಿ ಒಳಮೈ ಹೊರಗಾಗಿತ್ತು ಎಂಬುದನ್ನು ಸುನಂದಾ ಆಗ ಹೇಳಲಿಲ್ಲ.

ಮುಂದಿನ ಭಾನುವಾರ ಮುಂಡಗೋಡದಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರ ಹೊಸ ಮನೆಯ ವಾಸ್ತುಶಾಂತಿಯ ಊಟ. ತಾಲೂಕಿನ ಶಿಕ್ಷಣ ಇಲಾಖೆ ಇಡಿಯಾಗಿ ಪಂಕ್ತಿಯಲ್ಲಿ ಕೂತಿತ್ತು. ಹೊರಗೆ ಪೆಂಡಾಲಿನ ಬುಡದಲ್ಲಿ ಅದೇ ಇಲಾಖೆಯ ಚಪ್ಪಲಿಗಳು ಕುಪ್ಪೆ ಬಿದ್ದಿದ್ದವು. ಮಾಸ್ತರರು ಉಂಡು, ಕೈತೊಳೆದು, ಆ ಕುಪ್ಪೆಯಿಂದ ತಮ್ಮ ಕರಿ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಏನೂ ಮರೆಯದೆ ಮನೆಗೆ ಬಂದೆನೆಂದು ಹಿಗ್ಗಿದರು.

ಸೋಮವಾರ ಮೂರನೆಯ ಇಯತ್ತೆಗೆ ಕಣ್ಣಿನ ಪಾಠ. ಮಾಸ್ತರರು ಹಲಗೆಯ ಮೇಲೆ ದೊಡ್ಡದೊಂದು ಕಣ್ಣು ಬರೆದರು. ಅದು ಮೀನಿನಂತೆ ಬಂತು, ಬಾಲವೊಂದು ಕಡಿಮೆ. ಅದರ ಕೆಳಗೆ ನಿಂತು ನೋಡುವುದು ಬೇರೆ, ಗಮನಿಸುವುದು ಬೇರೆ ಎಂದು ಸಾರಿದರು. ಎಮ್ಮೆಗೂ ಕಣ್ಣಿದೆ, ಎಮ್ಮೆಯೂ ನೋಡುತ್ತದೆ, ಆದರೆ ಗಮನಿಸುವುದಿಲ್ಲ ಅಂದರು. ಹಿಂದಿನ ಸಾಲಿನ ಸಾಗರ ಎದ್ದು ನಿಂತು, ತಮ್ಮ ಮನೆಯ ಎಮ್ಮೆ ಯಾರ ಕೈಯಲ್ಲಿ ಹಿಂಡಿ ಇದೆಯೆಂದು ಬರೋಬ್ಬರಿ ಗಮನಿಸುತ್ತದೆ ಎಂದು ತಕರಾರು ತೆಗೆದ. ಆ ಒಂದು ಎಮ್ಮೆಯನ್ನು ಬಿಟ್ಟು ಉಳಿದ ಎಮ್ಮೆಗಳೆಂದು ಮಾಸ್ತರರು ಪಾಠ ತಿದ್ದಿಕೊಂಡರು.

ಆಮೇಲೆ ಎಲ್ಲರನ್ನೂ ಪಡಸಾಲೆಗೆ ಕಳಿಸಿದರು. ಹೊರಗೆ ಹೋಗಿ ಸುಮ್ಮನೆ ನಿಂತು ಕಣ್ಣಿಟ್ಟು ನೋಡಬೇಕು, ನಿನ್ನೆ ಕಾಣದ್ದೊಂದನ್ನು ಕಂಡು ಬಂದು ಹೇಳಬೇಕು. ಮಕ್ಕಳು ಹೋಗಿ ಬಂದರು. ಒಬ್ಬ ನಳ ಸೋರುತ್ತಿದೆ ಅಂದ. ಒಬ್ಬಳು ಬಾಲವಿಲ್ಲದ ಹಲ್ಲಿ ಕಂಡಿದ್ದಳು. ತಾಂಡಾದ ಜೈರಾಮನ ಮಗಳು ತುಳಜಾ ಮಾತ್ರ ಬಾಗಿಲಲ್ಲೇ ನಿಂತಿದ್ದಳು. ಶಾಲೆಯಲ್ಲಿ ಎಲ್ಲರೂ ಚಪ್ಪಲಿಯನ್ನು ಹೊಸ್ತಿಲಾಚೆ ಸಾಲಾಗಿ ಬಿಡುವ ಪದ್ಧತಿ. ಸಾಲಿನ ಮೊದಲಿಗೆ ಮಾಸ್ತರರದು.

“ಸರ್ರಿ, ನಿಮ್ಮ ಚಪ್ಪಲಿ ಜೋಡಿ ಅಲ್ಲರಿ. ಎಡದ್ದಕ್ಕ ಕೆಂಪು ದಾರದ ಹೊಲಿಗಿ ಐತಿ. ಬಲದ್ದಕ್ಕ ಹಿತ್ತಾಳಿ ಗುಂಡಿ ಐತಿ. ಬಲದ್ದು ದೊಡ್ಡದೂ ಐತ್ರಿ.”

ಮಾಸ್ತರರು ಹೊರಗೆ ಬಂದು ನೋಡಿದರು. ಮುಂಜಾನೆಯಿಂದ ಬಲಗಾಲು ನಡೆದಾಗ ಟಪ್ ಟಪ್ ಅನ್ನುತ್ತಿದ್ದುದರ ಕಾರಣ ಹೊಳೆಯಿತು. ಅದರ ಜೊತೆಗೇ, ಅಂಗಳದಲ್ಲಿ ಬೈಕ್ ನಿಲ್ಲಿಸಿ ಎಲ್ಲವನ್ನೂ ಕೇಳುತ್ತಿದ್ದ ಶಿವಲಿಂಗಪ್ಪನೂ ಕಂಡ. ಮಕ್ಕಳು ಆಗಲೇ ಕಿಸಿಕಿಸಿ ಶುರು ಮಾಡಿದ್ದರು. ಮಾಸ್ತರರ ಕಣ್ಣ ಮುಂದೆ ಜೋಯಿಡಾದ ಕಾಡು, ಕಾಡಿನಲ್ಲಿ ಒಂದು ಒಲೆ, ಒಲೆಯ ಮೇಲೆ ಚಹಾಪುಡಿಯ ಸಾರು ಹಾದುಹೋದವು. ಆಪತ್ತಿನಲ್ಲಿ ಮನುಷ್ಯನಿಗೆ ತನ್ನದಲ್ಲದ ಬುದ್ಧಿ ಬರುತ್ತದೆ.

“ಶಾಬಾಸ್ ತುಳಜಾ” ಅಂದರು ಮಾಸ್ತರರು. “ನೀವು ಗಮನಸ್ತೀರೋ ಇಲ್ಲೋ ನೋಡೂಣಂತ ನಾನ ಬೇಕಂತ ಹಾಕ್ಕೊಂಡ ಬಂದಿದ್ದೆ.”

ಶಿವಲಿಂಗಪ್ಪ ಅಂಗಳದಲ್ಲೇ ಕರಗಿಹೋದ. ಕಣ್ಣಿನ ಪಾಠಕ್ಕೆ ಸ್ವಂತ ಕಾಲನ್ನೇ ಪಣಕ್ಕಿಟ್ಟ ಶಿಕ್ಷಕನನ್ನು ಅವನು ತನ್ನ ಸೇವೆಯಲ್ಲಿ ಕಂಡಿರಲಿಲ್ಲವಂತೆ. ಬಗ್ಗಿ ಚಪ್ಪಲಿಯ ಫೋಟೋ ತೆಗೆದ, ಮಕ್ಕಳ ಫೋಟೋ ತೆಗೆದ, ಎರಡನ್ನೂ ಶಿಕ್ಷಕರ ಗ್ರೂಪಿಗೆ ಹಾಕಿದ. ಸಂಜೆಯೊಳಗೆ ತಾಲೂಕಿನ ಮಾಸ್ತರರೆಲ್ಲ ಹೆಬ್ಬೆರಳು ಎತ್ತಿ ತೋರಿಸಿದ್ದರು. ಚಪ್ಪಲಿ ತನ್ನದೆಂದು ಮಾತ್ರ ಒಬ್ಬನೂ ಹೇಳಲಿಲ್ಲ.

ಅಲ್ಲಿಂದ ಮಾಸ್ತರರ ಬಾಳು ಬದಲಾಯಿತು. ಅವರು ಶಾಲೆಯ ಗೇಟು ದಾಟುವುದರೊಳಗೆ ಇಡೀ ತರಗತಿ ಅವರನ್ನು ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಿ ಮುಗಿಸುತ್ತಿತ್ತು. ಮಂಗಳವಾರ ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿ ಸೇರಿದ್ದವು, ಚಪ್ಪಾಳೆ. ಬುಧವಾರ ಹೊಸ ಪ್ಯಾಂಟಿನ ಹಿಂದೆ ಅಂಗಡಿಯ ಚೀಟಿ ಜೋತಾಡುತ್ತಿತ್ತು, ಚಪ್ಪಾಳೆ. ಮತ್ತೊಂದು ದಿನ ಹಣೆಯ ಮೇಲಿನ ವಿಭೂತಿ ವಿಭೂತಿಯಲ್ಲ, ಸುನಂದಾಳ ಪೌಡರು ಎಂದು ಸಾಗರ ಸಾರಿದ. ಹೇಗೆ ಗೊತ್ತಾಯಿತೆಂದು ಕೇಳಿದರೆ ವಾಸನೆಯಿಂದ ಅಂದ. ಮೂಗಿನ ಪಾಠ ಮುಂದಿನ ವಾರ, ಅವಸರ ಮಾಡಬೇಡ ಎಂದು ಮಾಸ್ತರರು ಅವನನ್ನು ಕೂಡಿಸಿದರು. ಪ್ರತಿ ಸಲವೂ ಅವರು ಒಳಗೊಳಗೆ ಬೆವೆತು, ಹೊರಗೆ ಮುಗುಳ್ನಕ್ಕು, ಶಾಬಾಸ್ ಅನ್ನುತ್ತಿದ್ದರು. ಕ್ರಮೇಣ ಬೆವರುವುದು ಕಡಿಮೆಯಾಗಿ ಮುಗುಳ್ನಗೆ ಹೆಚ್ಚಾಯಿತು. ಹೊಗಳಿಕೆಗೆ ಈ ಗುಣವಿದೆ: ಕೇಳುತ್ತ ಕೇಳುತ್ತ ಖರೆ ಅನ್ನಿಸತೊಡಗುತ್ತದೆ.

ಊರಿನ ಮೇಲೂ ಪರಿಣಾಮವಾಯಿತು. ಶಾಲೆಯ ಮುಂದೆ ಹಾಯುವ ಮೊದಲು ಜನ ನಿಂತು ಅಂಗಿ ನೋಡಿಕೊಂಡು, ತಲೆ ಸವರಿಕೊಂಡು ಹೋಗತೊಡಗಿದರು. ಬ್ಯಾಳಿ ದಿನದಿಂದ ದಿನಕ್ಕೆ ತಿಳಿಯಾಗುತ್ತಿದೆ, ತಾಟಿನ ತಳ ಕಾಣುತ್ತಿದೆ ಎಂದು ಮಕ್ಕಳು ಗುರುಸಿದ್ದವ್ವನ ಮುಖದ ಮುಂದೆಯೇ ಹೇಳಿದರು. ಆಕೆ ಸಿಟ್ಟಿನಿಂದ ಮಾಡಿದ ಮರುದಿನದ ಬ್ಯಾಳಿಯಲ್ಲಿ ಸೌಟು ನೆಟ್ಟಗೆ ನಿಂತಿತು. ತಾಂಡಾದಲ್ಲಿ ತುಳಜಾ ಊಟಕ್ಕೆ ಕೂತ ಅಪ್ಪನ ಎಡಗೆನ್ನೆಯನ್ನು ಬಹಳ ಹೊತ್ತು ನೋಡಿ, ಗುಟ್ಕಾ ಬಿಟ್ಟವರ ಕೆನ್ನೆ ಉಬ್ಬಿರುತ್ತದೆಯೇ ಎಂದು ತಾಯಿ ಚಾಂದಿಬಾಯಿಯನ್ನು ಕೇಳಿದಳು. ಆ ರಾತ್ರಿ ಜೈರಾಮನಿಗೆ ಊಟ ಸಿಗಲಿಲ್ಲ. ಆದರೂ ಅವನು ಮಾಸ್ತರರ ಮೇಲೆ ಬೇಸರ ಮಾಡಿಕೊಳ್ಳಲಿಲ್ಲ. ಇಂಥ ಮಾಸ್ತರು ತನಗೆ ಸಿಕ್ಕಿದ್ದರೆ ತಾನು ಪೊಲೀಸ್ ಆಗಿರುತ್ತಿದ್ದೆ ಎಂದು ಚಹಾದಂಗಡಿಯಲ್ಲಿ ಹೇಳಿಕೊಂಡು ತಿರುಗಿದ.

ಕಷ್ಟ ಬಂದದ್ದು ಬೇರೆ ದಿಕ್ಕಿನಿಂದ. ಮಾಸ್ತರರು ಖರೇನೇ ತಪ್ಪು ಮಾಡಿದರೂ ಯಾರೂ ನಂಬದಾದರು. ಒಮ್ಮೆ ಮುಂಡಗೋಡದಲ್ಲಿ ಊರ ಬಸ್ಸೆಂದು ತಿಳಿದು ಹಳಿಯಾಳದ ಬಸ್ಸಿನಲ್ಲಿ ಕಿಟಕಿ ಹಿಡಿದು ಕೂತರು. ಕೆಳಗೆ ನಿಂತಿದ್ದ ಜೈರಾಮ ಇದನ್ನು ಕಣ್ಣಾರೆ ಕಂಡ. ಕಂಡು, ಜಾಣನಗೆ ನಕ್ಕು, ಕಣ್ಣು ಹೊಡೆದು, ನನಗೂ ಗೊತ್ತಾತ್ರಿ ಅನ್ನುವಂತೆ ಬೆರಳು ಆಡಿಸಿದ. ಮಾಸ್ತರರೂ ಸೌಜನ್ಯಕ್ಕೆ ಬೆರಳು ಆಡಿಸಿದರು. ಬಸ್ಸು ಹೊರಟಿತು. ಹಳಿಯಾಳದಲ್ಲಿ ಮಾವನ ಮನೆಯ ಬಾಗಿಲು ಬಡಿದು, ಬಹಳ ದಿನ ಆಯಿತು, ನೋಡಿಹೋಗೋಣವೆಂದು ಬಂದೆ ಎಂದು ಹೇಳಬೇಕಾಯಿತು. ಅಳಿಯ ಕರೆಯದೇ ಬಂದನೆಂದರೆ ಮಗಳ ಜೊತೆ ಜಗಳವೇ ಇರಬೇಕೆಂದು ಅತ್ತೆ ಅಳಲು ಶುರು ಮಾಡಿದರು.

ಇತ್ತ ರೊಟ್ಟಿ ಸಂಘದಲ್ಲಿ ಹೆಣ್ಣುಮಕ್ಕಳು ಸುನಂದಾಳ ನಸೀಬವನ್ನು ಹೊಗಳುತ್ತಿದ್ದರು. ಇಷ್ಟು ವರ್ಷ ಮಾಸ್ತರರು ಮಳ್ಳನಂತೆ ನಟಿಸಿ ಊರನ್ನೇ ಪರೀಕ್ಷೆ ಮಾಡುತ್ತಿದ್ದರಲ್ಲ, ಎಂಥ ತಲೆ ಅಂದರು. ಸುನಂದಾ ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದಳು. ಸಂಜೆ ಮಾಸ್ತರರ ಮುಂದೆ ಸಕ್ಕರೆಯಿಲ್ಲದ ಚಹಾ ಇಟ್ಟು ಎದುರಿಗೆ ಕೂತಳು.

“ಹೋದ ವರ್ಷ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ್ಯಾಗ ನನ್ನ ಬಿಟ್ಟು ನೀವೊಬ್ಬರ ಮನಿಗೆ ಬಂದ್ರಲ್ಲ. ಅದೂ ಬೇಕಂತ ಮಾಡಿದ್ದೇನ್ರಿ?”

ಮಾಸ್ತರರು ಬಸಿ ಕೆಳಗಿಟ್ಟರು. ಹೌದೆಂದರೆ ದುಷ್ಟ, ಅಲ್ಲವೆಂದರೆ ದಡ್ಡ. ಇವೆರಡರ ನಡುವೆ ಮೂರನೆಯದೊಂದು ಇರಬಹುದೇ ಎಂದು ಅವರು ಮಾಡಿನ ಹಂಚುಗಳಲ್ಲಿ ಹುಡುಕಿದರು. ಇರಲಿಲ್ಲ.

“ಇಲ್ಲ ಸುನಂದಾ. ಖರೇನ ಮರತಿದ್ದೆ. ಚಪ್ಪಲಿನೂ ಖರೇನ ಅದಲಿಬದಲಿ ಆಗಿದ್ದು.”

ಸುನಂದಾ ಎದ್ದು ಹೋಗಿ ಸಕ್ಕರೆ ಡಬ್ಬಿ ತಂದು ಚಹಾಕ್ಕೆ ಎರಡು ಚಮಚೆ ಹಾಕಿದಳು. “ಹಂಗ ಹೇಳ್ರಿ. ಚಪ್ಪಲಿ ನಾ ಅವತ್ತ ನೋಡೇನಿ.”

ನೋಡಿದವಳು ಹೇಳಬಾರದಿತ್ತೇ ಎಂದು ಮಾಸ್ತರರು ನೊಂದುಕೊಂಡರು.

“ನೀವು ಯಾವಾಗ ನೋಡ್ತೀರಿ ಅಂತ ನೋಡಾಕತ್ತಿದ್ದೆ” ಅಂದಳು ಆಕೆ.

ಗಂಡ ಹೆಂಡತಿ ರಾಜಿಯಾದರು, ಆದರೆ ಗಂಡಾಂತರ ಬೈಕ್ ಏರಿ ಬಂತು. ಸಾಹೇಬರು ಸ್ವತಃ ಬಂದು ಗಮನಿಸುವ ಪಾಠ ನೋಡುತ್ತಾರಂತೆ. ಶಿವಲಿಂಗಪ್ಪ ಇದನ್ನು ಬಹುಮಾನ ಬಂದವರಿಗೆ ಹೇಳುವಂತೆ ಹೇಳಿ, ಜೊತೆಗೆ ಎಚ್ಚರಿಕೆಯನ್ನೂ ಕೊಟ್ಟ. ಸಾಹೇಬರಿಗೆ ಈಚೆಗೆ ಬಲಗಾಲಿನಲ್ಲಿ ಏನೋ ಬ್ಯಾನಿ ಸೇರಿಕೊಂಡಿತ್ತು. ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ಆಯಿತು, ಧಾರವಾಡದಲ್ಲಿ ರಕ್ತ ಪರೀಕ್ಷೆಯಾಯಿತು, ವೈದ್ಯರೊಬ್ಬರ ಮಾತಿಗೆ ಬಟಾಟೆ ಬಿಟ್ಟರು, ಇನ್ನೊಬ್ಬರ ಮಾತಿಗೆ ಬೂಟು ಬಿಟ್ಟು ದಿನವಿಡೀ ಚಪ್ಪಲಿಯಲ್ಲೇ ಇದ್ದರು. ಚಪ್ಪಲಿ ಹಾಕಿದಷ್ಟೂ ನೋವು ಏರಿತು. ನೋವು ಏರಿದಷ್ಟೂ ವರ್ಗಾವಣೆ ಏರಿತು. ಈಗಾಗಲೇ ಇಬ್ಬರು ಮಾಸ್ತರರು ಗಂಟುಮೂಟೆ ಕಟ್ಟಿದ್ದರು.

ಪಾಠಕ್ಕೆ ಒಂದು ತಪ್ಪು ಬೇಕಿತ್ತು. ಈಶಪ್ಪ ಮಾಸ್ತರರು ಬಾಳಿನಲ್ಲಿ ಮೊದಲ ಸಲ ತಪ್ಪು ಮಾಡಲು ಕೂತು ಯೋಚಿಸಿದರು. ಬೇಕೆಂದೇ ಗುಂಡಿ ತಪ್ಪಿಸಿ ಹಾಕಿದರೆ ಕೈ ತಾನಾಗಿ ಸರಿ ಮಾಡಿಬಿಡುತ್ತಿತ್ತು. ಕನ್ನಡಕ ಮರೆತು ಹೋಗಬೇಕೆಂದು ನೆನಪಿಟ್ಟುಕೊಂಡರೆ ಕನ್ನಡಕವೂ ನೆನಪಾಗುತ್ತಿತ್ತು. ಕಡೆಗೆ ಸುನಂದಾ, ಅದೇ ಚಪ್ಪಲಿ ಮೆಟ್ಟಿಕೊಂಡು ಹೋಗಿ ಅದನ್ನೇ ತೋರಿಸಿರಿ, ಉಳಿದದ್ದೆಲ್ಲ ನನಗೆ ಬಿಡಿರಿ ಅಂದಳು. ಆ ಮುಂಜಾನೆ ಆಕೆ ಗಂಡನನ್ನು ಮದುಮಗನಂತೆ ಸಿಂಗರಿಸಿ, ಗುಂಡಿಗಳನ್ನು ತಾನೇ ಹಾಕಿ, ವಿಭೂತಿಯನ್ನು ಮೂಸಿ ನೋಡಿ ಹಚ್ಚಿ ಕಳಿಸಿದಳು.

ಜೀಪು ಬಂತು. ಸಾಹೇಬರು ಇಳಿದು ಕುಂಟುತ್ತ ಬಂದರು. ಮುಖದಲ್ಲಿ ಬಟಾಟೆ ಬಿಟ್ಟ ಮನುಷ್ಯನ ಕಳೆಯಿತ್ತು. ಪಡಸಾಲೆಯ ಪದ್ಧತಿ ಮುರಿಯದೆ ಚಪ್ಪಲಿಯನ್ನು ಹೊಸ್ತಿಲಾಚೆ, ಮಾಸ್ತರರ ಚಪ್ಪಲಿಯ ಪಕ್ಕಕ್ಕೇ ಬಿಟ್ಟು ಒಳಗೆ ಖುರ್ಚಿಯ ಮೇಲೆ ಕೂತರು. ಶಿವಲಿಂಗಪ್ಪ ಹಿಂದೆ ನಿಂತ. ಗುರುಸಿದ್ದವ್ವ ಅಡುಗೆ ಬಿಟ್ಟು ಕಿಟಕಿಗೆ ಬಂದಳು.

ಮಾಸ್ತರರು ಕಣ್ಣಿನ ಪಾಠ ಶುರು ಮಾಡಿದರು. ಆ ಮೀನು ಬಂತು, ಎಮ್ಮೆ ಬಂತು, ಸಾಗರನ ಎಮ್ಮೆಗೆ ವಿನಾಯಿತಿ ಬಂತು. ಆಮೇಲೆ ಮಕ್ಕಳನ್ನು ಹೊರಗೆ ಕಳಿಸಿದರು. ಎಂದಿನಂತೆ ಓಡೋಡಿ ಬರಲಿಲ್ಲ ಅವರು. ಪಡಸಾಲೆಯಲ್ಲಿ ಪಿಸುಮಾತು, ಬಗ್ಗಿ ನೋಡುವುದು, ಮತ್ತೆ ಪಿಸುಮಾತು. ಒಳಗೆ ಬಂದಾಗ ತುಳಜಾ ಮಾಸ್ತರರನ್ನು ಹೊಸ ಗೌರವದಿಂದ ನೋಡಿದಳು.

“ಸರ್ರಿ, ಇವತ್ತಿಂದು ಭಾಳ ಕಠಿಣ ಇತ್ರಿ. ಆದರೂ ಹುಡಿಕೇವಿ. ನಿಮ್ಮ ಬಲದ್ದು ಸಾಹೇಬ್ರ ಹಂತ್ಯಾಕ ಐತಿ, ಸಾಹೇಬ್ರ ಬಲದ್ದು ನಿಮ್ಮ ಹಂತ್ಯಾಕ ಐತಿ.”

ಯಾರಿಗೂ ತಕ್ಷಣ ತಿಳಿಯಲಿಲ್ಲ. ಸಾಗರ ಮುಂದೆ ಬಂದು ಬಿಡಿಸಿ ಹೇಳಿದ. ಕೆಂಪು ಹೊಲಿಗೆಯದು ಸಣ್ಣದು, ಗುಂಡಿಯದು ದೊಡ್ಡದು. ಸಣ್ಣದು ದೊಡ್ಡ ಕಾಲಿಗೆ ಹೋಗಿದೆ, ಅದಕ್ಕೇ ಸಾಹೇಬರು ಹೀಗೆ ನಡೆಯುತ್ತಾರೆ. ಹೇಗೆಂದು ತಿಳಿಯದವರಿಗಾಗಿ ಅವನು ಹಲಗೆಯಿಂದ ಬಾಗಿಲವರೆಗೆ ಕುಂಟಿ ತೋರಿಸಿದ. ತದ್ರೂಪ ಬಂತು. ಶಿವಲಿಂಗಪ್ಪ ಕಣ್ಣು ಮುಚ್ಚಿಕೊಂಡ.

ಸಾಹೇಬರು ಎದ್ದರು. ಹೊಸ್ತಿಲಿಗೆ ಹೋಗಿ ನಾಲ್ಕೂ ಚಪ್ಪಲಿಗಳನ್ನು ಬಹಳ ಹೊತ್ತು ನೋಡಿದರು. ಗುಂಡಿಯಿರುವ ಎರಡನ್ನು ಆರಿಸಿ ಮೆಟ್ಟಿಕೊಂಡು ಅಂಗಳಕ್ಕಿಳಿದರು. ಧ್ವಜದ ಕಂಬದವರೆಗೆ ನಡೆದರು, ತಿರುಗಿ ಬಂದರು, ಮತ್ತೆ ಕಂಬದವರೆಗೆ ನಡೆದರು. ಕುಂಟು ಇರಲಿಲ್ಲ. ಇಡೀ ಶಾಲೆ ಬಾಗಿಲಲ್ಲಿ ನಿಂತು ಒಬ್ಬ ಅಧಿಕಾರಿ ಸುಮ್ಮನೆ ನಡೆದಾಡುವುದನ್ನು ಉಸಿರು ಬಿಗಿಹಿಡಿದು ನೋಡಿತು. ಅವರ ಮುಖದಲ್ಲಿ ಮೊದಲು ಹಗುರ ಬಂತು. ಅದರ ಬೆನ್ನಿಗೆ ಎಕ್ಸ್‌ರೇ ಬಂತು, ರಕ್ತ ಬಂತು, ತಿನ್ನದೇ ಬಿಟ್ಟ ಬಟಾಟೆ ಪಲ್ಯ ಒಂದೊಂದಾಗಿ ಬಂತು. ಆಮೇಲೆ ಅವರು ಮಾಸ್ತರರ ಕಡೆ ತಿರುಗಿದರು.

“ಮಾಸ್ತರ, ವಾಸ್ತುದ ಊಟದ ದಿವಸ ಇದನ್ನ ನೀವು ಬೇಕಂತ ಮಾಡಿದ್ದೇನು?”

ಹಿಂದೆ ಸುನಂದಾ ಕೇಳಿದ್ದ ಪ್ರಶ್ನೆಯೇ ಇದು. ಆಗ ಬರೀ ಸಕ್ಕರೆ ಹೋಗಿತ್ತು, ಈಗ ಸುನಂದಾಳೇ ಹೋಗುತ್ತಿದ್ದಳು. ಬೇಕಂತ ಎಂದರೆ ಸಾಹೇಬರ ಕಾಲು ಮುರಿಯಲು ಹೊಂಚು ಹಾಕಿದಂತೆ. ಅಲ್ಲವೆಂದರೆ ಇಷ್ಟು ದಿನ ಇಲಾಖೆಗೆ ಸುಳ್ಳು ಹೇಳಿದಂತೆ. ಎರಡೂ ದಾರಿ ಜೋಯಿಡಾಕ್ಕೇ ಹೋಗುತ್ತಿದ್ದವು. ಒಂದು ದಾರಿಯಲ್ಲಾದರೂ ಸಕ್ಕರೆ ಸಿಕ್ಕಿತ್ತೆಂದು ಮಾಸ್ತರರಿಗೆ ನೆನಪಾಯಿತು.

“ಇಲ್ರಿ ಸಾಹೇಬ್ರ. ನನಗೂ ಗೊತ್ತಾಗಿದ್ದಿಲ್ಲ. ತುಳಜಾ ಹೇಳಿದ ಮ್ಯಾಲೆ ಗೊತ್ತಾತು. ಬೇಕಂತ ಅಂದದ್ದು ಸುಳ್ಳರಿ.”

ಇದನ್ನು ಅವರು ಎಷ್ಟು ಮೆಲ್ಲಗೆ ಹೇಳಿದರೆಂದರೆ ಸಾಹೇಬರಿಗೆ ಮಾತ್ರ ಕೇಳಿತು. ಸಾಹೇಬರು ಮಾಸ್ತರರನ್ನು ನೋಡಿದರು, ತಮ್ಮ ಕಾಲು ನೋಡಿಕೊಂಡರು, ಬಾಗಿಲಲ್ಲಿ ಸಾಲುಗಟ್ಟಿ ನಿಂತ ಕಣ್ಣುಗಳನ್ನು ನೋಡಿದರು. ದಿನಾ ಮೆಟ್ಟುವ ಚಪ್ಪಲಿ ಯಾರದೆಂದು ಗೊತ್ತಿಲ್ಲದ ಅಧಿಕಾರಿ ಎಂಬ ಸುದ್ದಿ ಶಿವಲಿಂಗಪ್ಪನ ಗ್ರೂಪಿಗೆ ಬಿದ್ದರೆ ಎಷ್ಟು ಹೆಬ್ಬೆರಳು ಎದ್ದಾವೆಂದು ಅವರೂ ಲೆಕ್ಕ ಹಾಕಿರಬೇಕು. ಗಂಟಲು ಸರಿಮಾಡಿಕೊಂಡರು.

“ಶಾಬಾಸ್ ಮಕ್ಕಳ್ರ” ಅಂದರು ಜೋರಾಗಿ. “ನೀವು ಗಮನಸ್ತೀರೋ ಇಲ್ಲೋ ನೋಡೂಣಂತ ನಾವಿಬ್ರೂ ಕೂಡಿನ ಹಾಕ್ಕೊಂಡ ಬಂದಿದ್ವಿ. ಕುಂಟಿದ್ದೂ ಅದಕ್ಕ.”

ಚಪ್ಪಾಳೆ ಬೇವಿನ ಮರದ ಕಾಗೆಗಳನ್ನು ಎಬ್ಬಿಸಿತು. ಸಾಹೇಬರು ಬಿಸಿಯೂಟಕ್ಕೆ ಕೂತು ಗುರುಸಿದ್ದವ್ವನ ಕೈಯ ಬಟಾಟೆ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡರು. ಹೋಗುವಾಗ, ಇಂಥ ಶಿಕ್ಷಕರು ಇಲ್ಲೇ ಇರಬೇಕು, ಇವರನ್ನು ಅಲುಗಿಸಬಾರದು ಎಂದು ಶಿವಲಿಂಗಪ್ಪನಿಗೆ ತಾಕೀತು ಮಾಡಿದರು. ಈ ಇಬ್ಬರು ಮತ್ತೆಂದೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡದಂತೆ ನೋಡಿಕೊಳ್ಳಬೇಕೆಂದು ಶಿವಲಿಂಗಪ್ಪ ತನಗೆ ತಾನೇ ತಾಕೀತು ಮಾಡಿಕೊಂಡ.

ಸಂಜೆ ಮಾಸ್ತರರು ಎಲ್ಲ ಕೋಣೆಗಳಿಗೂ ಕೀಲಿ ಹಾಕಿ, ಜೋಡಿಯಾದ ಚಪ್ಪಲಿ ಮೆಟ್ಟಿ, ಟಪ್ ಎನ್ನದ ಬಲಗಾಲನ್ನು ಆಲಿಸುತ್ತ ಮನೆಗೆ ಬಂದರು. ಸುನಂದಾ ಮೊದಲು ಅವರ ಕಾಲು ನೋಡಿದಳು. ಸರಿಯಿತ್ತು. ನಡೆದದ್ದನ್ನೆಲ್ಲ ಕೇಳಿ, ಕೇಳದೆಯೇ ಸಕ್ಕರೆ ಹೆಚ್ಚಿಗೆ ಹಾಕಿದ ಚಹಾ ತಂದಳು. ಲೋಟ ಕೊಡುವಾಗ ಅವರ ಕೈಯಲ್ಲಿ ಇನ್ನೂ ತೂಗುತ್ತಿದ್ದ ಕೀಲಿಯ ಗೊಂಚಲನ್ನು ನೋಡಿ, ಗುರುಸಿದ್ದವ್ವಕ್ಕ ಮನೆಗೆ ಹೋದಳೇ ಎಂದಷ್ಟೇ ಕೇಳಿದಳು.

ಮಾಸ್ತರರು ಲೋಟ ಅಲ್ಲೇ ಇಟ್ಟು, ಬಾಗಿಲಲ್ಲಿ ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಓಡಿದರು.

ಈ ಸಲ ತಾಟಿನ ಸದ್ದಿರಲಿಲ್ಲ. ಕೀಲಿ ತೆಗೆದು ನೋಡಿದರೆ ಗುರುಸಿದ್ದವ್ವ ಕುಕ್ಕರ್ ಮಗುಚಿ ಹಾಕಿ, ಅದರ ಮೇಲೆ ನೆಮ್ಮದಿಯಿಂದ ಕೂತು ಎಲೆಯಡಿಕೆ ಮೆಲ್ಲುತ್ತಿದ್ದಳು.

“ನಾ ಒದರಲಿಲ್ಲರಿ ಮಾಸ್ತರ” ಅಂದಳು ಆಕೆ, ಪರೀಕ್ಷೆಯಲ್ಲಿ ಪಾಸಾದವರ ಹುಮ್ಮಸ್ಸಿನಿಂದ. “ಈ ಸಲ ನಂಗೂ ತಿಳೀತು.”

ಆಮೇಲೆ ಆಕೆಯ ಕಣ್ಣು ಮಾಸ್ತರರ ಕಾಲಿಗಿಳಿಯಿತು. ಎರಡೂ ಸುನಂದಾಳ ಚಪ್ಪಲಿಗಳು, ಮೇಲೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಹೂವು. ಗುರುಸಿದ್ದವ್ವ ಸೆರಗು ಸರಿಮಾಡಿಕೊಂಡು ಎದ್ದು, ಮೆಚ್ಚುಗೆಯಿಂದ ತಲೆ ಆಡಿಸಿದಳು.

“ಇದು ನಾಳಿನ ಪಾಠಕ್ಕ ಏನ್ರಿ?”